ಎರಡನೇ ಚೀಟಿ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಏಳೂಮುಕ್ಕಾಲರ ಬಸ್ಸು.
ಅತ್ತೆಗೆ ಕಿಟಕಿ. ನನಗೆ ಅತ್ತೆಯ ಸೆರಗಿನ ತುದಿ,
ನಡುದಾರಿಯಲ್ಲಿ ಇಳಿದುಬಿಟ್ಟಾರೆಂದು ಬೆರಳಿಗೆ ಸುತ್ತಿಕೊಂಡಿದ್ದೇನೆ.
ಸೊನ್ನೆ ರೂಪಾಯಿಯ ಟಿಕೆಟ್ಟು ಎರಡು.
ಈ ದಿನ ಬಿಟ್ಟಿ ಸಿಕ್ಕಿದ್ದು ಅದೊಂದೇ.

ನಲವತ್ತು ವರ್ಷ ಕುದಿನೀರಲ್ಲಿ ಕೈಯಾಡಿಸಿ
ಗೂಡಿನ ಎಳೆ ಹುಡುಕಿದವರು ನಮ್ಮತ್ತೆ ಪಿಳ್ಳಮ್ಮ.
ಕಣ್ಣಿಗೆ ಕಾಣದ ತುದಿ ಅವರ ಬೆರಳಿಗೆ ಕಾಣುತ್ತಿತ್ತಂತೆ.
ಈಗ ಕಾಫಿ ಲೋಟದಲ್ಲೂ ಹುಡುಕುತ್ತಾರೆ, ಬಿಸಿ ಸಾರಲ್ಲೂ,
ಸಿಗದಿದ್ದರೆ ಬೈಯುತ್ತಾರೆ, ತೆಲುಗಿನಲ್ಲಿ.
ಕನ್ನಡ ಹೋದ ಯುಗಾದಿಗೇ ಬಿಟ್ಟುಹೋಯಿತು,
ನನ್ನ ಹೆಸರು ಅದಕ್ಕೂ ಮುಂಚೆ.

ಗೂಡು ಮಾರ್ಕೆಟ್ಟಿನ ಹಳೇ ಚೀಟಿಯ ಬೆನ್ನಿಗೆ ನನ್ನ ಲೆಕ್ಕ:
ಮರೆವಿನ ಮಾತ್ರೆ, ಶೀಟಿಗೆ ನೂರ ಎಂಬತ್ತು.
ಪ್ಯಾಡು ಹತ್ತಕ್ಕೆ ನಾನೂರು ಚಿಲ್ಲರೆ,
ಒದ್ದೆಯಾಗದಿದ್ದರೆ ರಾತ್ರಿಗೂ ಅದೇ.
ಎದ್ದು ಹೊರಟರೆ ತಿಳಿಯಲೆಂದು ಕಾಲಿಗೆ ಗೆಜ್ಜೆ, ಸಂತೆಯಲ್ಲಿ ಅರವತ್ತು.
ಚರಕಕ್ಕೆ ಹೋಗದೆ ಕಳಕೊಂಡ ಹದಿನಾಲ್ಕು ತಿಂಗಳ ಕೂಲಿ,
ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯದೆ
ಬರೆದೇ ಇಲ್ಲ.

ನಮ್ಮೋರು ಬಾಯ್ಲರಿನ ಮುಂದೆ ರಾತ್ರಿ ಪಾಳಿ,
ಬೆಳಿಗ್ಗೆ ಬಂದವರೇ ಕೊರಡಿನ ಹಾಗೆ ಬೀಳುತ್ತಾರೆ.
ಜಗಳ ಆಡೋಣವೆಂದರೆ
ಇಬ್ಬರೂ ಎಚ್ಚರವಿರುವ ಹೊತ್ತೇ ಇಲ್ಲ.

ಜಿಲ್ಲಾಸ್ಪತ್ರೆಯಲ್ಲಿ ನರ್ಸಮ್ಮ ಬಿ.ಪಿ. ಪಟ್ಟಿ ಬಿಚ್ಚಿದಳು.
ಕಟ್ಟಿಹಾಕುತ್ತಾರೆಂದು ಹೆದರಿ ಅತ್ತೆ ಕೈ ಕೊಡಲಿಲ್ಲ.
ನೋಡಿ, ನೋವಾಗಲ್ಲ ಅಂತ ತೋರಿಸಲು
ಮೊದಲು ನಾನೇ ತೋಳು ಚಾಚಿದೆ.
ಪಟ್ಟಿ ಉಬ್ಬಿತು, ಇಳಿಯಿತು.
ನರ್ಸಮ್ಮ ಮಾತಾಡದೆ ಇನ್ನೊಂದು ಸಲ ಉಬ್ಬಿಸಿದಳು.
ಆಮೇಲೆ ಅತ್ತೆಯದು:
ನೂರಿಪ್ಪತ್ತು, ಎಂಬತ್ತು, ಮದುವೆಗೆ ಬಂದ ಹುಡುಗಿಯ ಹಾಗೆ.
ನನ್ನದು ನೂರ ತೊಂಬತ್ತು, ನೂರ ಹತ್ತು.
ಡಾಕ್ಟರು ಕನ್ನಡಕ ಇಳಿಸಿದರು:
“ಇಬ್ಬರಲ್ಲಿ ಪೇಷಂಟು ಯಾರಮ್ಮ?”

ಇನ್ನೊಂದು ಚೀಟಿ ಮಾಡಿಸಬೇಕಂತೆ.
ಚೀಟಿಗೆ ಹತ್ತು ರೂಪಾಯಿ, ದೊಡ್ಡದಲ್ಲ.
ಚೀಟಿಯ ಹಿಂದೆ ಬರುವ ಮೆರವಣಿಗೆ ದೊಡ್ಡದು:
ರಕ್ತ, ಇ.ಸಿ.ಜಿ., ಕಿಡ್ನಿ ನೋಡಲು ಸ್ಕ್ಯಾನು,
ಸಾಯುವ ತನಕ ದಿನಕ್ಕೊಂದು ಮಾತ್ರೆ,
ನನ್ನನ್ನು ಮಲಗಿಸಿ ಪರೀಕ್ಷೆ ಮಾಡುವಷ್ಟು ಹೊತ್ತು
ಹೊರಗೆ ಈ ಸೆರಗು ಹಿಡಿಯಲು ಒಂದು ಕೈ.
ಅದರ ಬೆಲೆ ಯಾವ ಬೋರ್ಡಿನಲ್ಲೂ ಹಾಕಿಲ್ಲ.

ಆದರೂ ಸಾಲಿನಲ್ಲಿ ನಿಂತೆ.
ಕಿಂಡಿಯ ಹುಡುಗ ಹೆಸರು ಕೇಳಿದ.
ಗಂಗರತ್ನ, ಅಂದೆ. ಬಾಯಿ ಬಿಟ್ಟು ಹೇಳಿ ಎಷ್ಟು ದಿನವಾಗಿತ್ತೋ.
ಪಕ್ಕದಲ್ಲಿ ಅತ್ತೆ ನನ್ನ ಮುಂಗೈ ಎಳೆದುಕೊಂಡು
ಉಬ್ಬಿದ ನರದ ಮೇಲೆ ಉಗುರಾಡಿಸುತ್ತಿದ್ದರು,
ಗೂಡು ಸಿಡಿಯದ ಹಾಗೆ, ಮೆತ್ತಗೆ.
“ದೊರಿಕಿಂದಿ,” ಅಂದರು. ಸಿಕ್ಕಿತು.

“ವಯಸ್ಸೆಷ್ಟಮ್ಮ?” ಹುಡುಗ ಪೆನ್ನು ಹಿಡಿದು ಕಾಯುತ್ತಿದ್ದ.
ತಕ್ಷಣ ನೆನಪಾಗಲಿಲ್ಲ.