ಗಾಳಿಗೆ ಯಾವ ತಂತಿ

ಶುಕ್ರವಾರ ನಾಲೆಗೆ ನೀರು ಬಿಡುತ್ತಾರೆ.
ಇವತ್ತು ಬುಧವಾರ.
ಪಾಂಡವಪುರದಾಚೆ, ಏರಿಯ ಮೇಲೆ
ತೂಬಿನ ಬಾಗಿಲು ಅಂಗಾತ ಮಲಗಿದೆ.
ಹನ್ನೆರಡು ಎಂಎಂ ಪ್ಲೇಟು, ನಡುವೆ ಮೊಳದುದ್ದ ಬಿರುಕು,
ಬಿರುಕಿನ ಮೇಲೆ ಹೋದ ವರ್ಷ ಯಾರೋ
ಸಮಾಧಾನಕ್ಕೆ ಬಳಿದ ಟಾರು.

ಟೆಂಪೋದಲ್ಲಿ ಎರಡು ಸುರುಳಿ ತಂತಿ.
ಒಂದೇ ಬಣ್ಣ, ಒಂದೇ ದಪ್ಪ,
ಎರಡಕ್ಕೂ ಹೊಟ್ಟೆಯೊಳಗೆ ಪುಡಿ,
ಕರ್ಜಿಕಾಯಿಯ ಹೂರಣದ ಹಾಗೆ.
ಒಂದಕ್ಕೆ ಸಿಲಿಂಡರು ಬೇಕು, ಪೈಪು ಬೇಕು,
ಹೊರಗಿನಿಂದ ಗ್ಯಾಸು ಬಂದು ಕೊಡೆ ಹಿಡಿಯಬೇಕು.
ಇನ್ನೊಂದು ತನ್ನನ್ನೇ ಸುಟ್ಟುಕೊಂಡು
ಆ ಹೊಗೆಯಲ್ಲೇ ಕೊಡೆ ಮಾಡಿಕೊಳ್ಳುತ್ತದೆ.

ಡಬ್ಬಿಯ ನಂಬರು ಓದಿ ಚಲುವ ಕೇಳುತ್ತಾನೆ:
"ಅಕ್ಕಾ, ಟಿ-ಒಂದು ಅಂದ್ರೆ ಫಸ್ಟು,
ಟಿ-ಎಂಟು ಅಂದ್ರೆ ಎಂಟ್ನೇದಾ?"
"ಇಸ್ಕೂಲಲ್ಲ ಕಣ್ಲಾ ಇದು."

ಗುತ್ತಲು ರಸ್ತೆಯ ಅಂಗಡಿಯಲ್ಲಿ ಬಾಬಾಜಾನ್
ಮೂರನೆಯದೂ ತೋರಿಸಿದ್ದ, ಅಗ್ಗದ್ದು.
ಒಂದೇ ಸುತ್ತಿಗೆ ಆದೀತು, ಗೇಟಿನ ಸರಳಿಗೆ, ಕಿಟಕಿಗೆ.
ಸುತ್ತಿನ ಮೇಲೆ ಸುತ್ತು ಹಾಕಿದರೆ ಸೀಳುತ್ತದೆ.
"ನೀರು ಒರಗೋ ಬಾಗ್ಲಿಗೆ ಇದು ಬ್ಯಾಡಮ್ಮ" ಅಂತ
ಮಾರುವವನೇ ತಿರುಗಿ ಒಳಗಿಟ್ಟ.

ಸೆಕ್ಷನ್ನಿನ ಪುಷ್ಪಲತಾ ಮೇಡಂಗೆ ಗ್ಯಾಸಿನದೇ ಇಷ್ಟ.
ಇಷ್ಟ ನನಗೂ.
ಬೆಣ್ಣೆ ಎಳೆದ ಹಾಗೆ ಓಡುತ್ತದೆ,
ಕಿಟ್ಟ ತಾನಾಗಿ ಸಿಪ್ಪೆ ಬಿಡುತ್ತದೆ,
ಕೆಳಗೆ ಬೆಳ್ಳಿಯ ಹೆಣಿಗೆ. ಫೋಟೋ ತೆಗೆಯಬಹುದು.

ನಾನು ಒಮ್ಮೆ ತೆಗೆದಿದ್ದೆ ಕೂಡ.
ಕಬ್ಬಿನ ಟ್ರೇಲರಿನ ಮೂಕಿ, ಬಯಲಲ್ಲಿ, ಇಂಥದೇ ಆಷಾಢ.
ಏಳು ದಿನಕ್ಕೆ ಮದ್ದೂರಿನ ಇಳಿಜಾರಲ್ಲಿ ಮುರಿಯಿತು.
ಯಾರಿಗೂ ಏನೂ ಆಗಲಿಲ್ಲ.
(ಈ ಮಾತನ್ನು ನಾನು ಯಾವಾಗಲೂ ಸ್ವಲ್ಪ ಬೇಗ ಹೇಳುತ್ತೇನೆ.)
ಮುರಿದ ಜಾಗ ನೋಡಿದರೆ ಸೆಟ್ ದೋಸೆಯ ಮುಖ,
ಮೇಲೆ ಬೆಳ್ಳಿ, ಒಳಗೆ ಬರೀ ತೂತು.
ಗ್ಯಾಸನ್ನು ಗಾಳಿ ಯಾವಾಗಲೋ ಎತ್ತಿಕೊಂಡು ಹೋಗಿತ್ತು,
ಕೊಡೆಯಿಲ್ಲದೆ ನೆಂದ ಲೋಹ
ಹೊರಗೆ ಮಾತ್ರ ನಗುತ್ತಿತ್ತು.

"ಟಾರ್ಪಾಲು ಕಟ್ಟೋಣ್ವಾ?" ಅಂದರು ಮೇಡಂ.
ಕಟ್ಟಿದೆವು. ಎರಡು ಗೂಟ ಕಿತ್ತುಕೊಂಡು
ಅದು ಕಬ್ಬಿನ ಗದ್ದೆಗೆ ಹಾರಿತು,
ಚಲುವ ಹಿಂದೆಯೇ ಓಡಿದ.
ಆಮೇಲೆ ಡ್ರೈವರ್ ಬೋರಪ್ಪ ಬೀಡಿ ಹಚ್ಚಲು
ಬಗ್ಗಿದ, ತಿರುಗಿದ, ಅಂಗಿಯೊಳಗೆ ತಲೆ ತೂರಿಸಿದ,
ನಾಲ್ಕು ಕಡ್ಡಿ ಸುಟ್ಟ, ಬೀಡಿ ಹತ್ತಲಿಲ್ಲ.
ಮೇಡಂ ನನ್ನ ಕಡೆ ನೋಡಿದರು.
ಇಳಿಸು ಅಂದೆ, ಟಿ-ಎಂಟು.

ಕೇಬಲ್ಲು ಬಿಚ್ಚಿ ಅದಲು ಬದಲು ಮಾಡಿದೆ,
ಇದಕ್ಕೆ ಕರೆಂಟೂ ಉಲ್ಟಾ ಹರಿಯಬೇಕು.
ಮೈಸೂರು ರೈಲ್ವೆ ವರ್ಕ್‌ಶಾಪಿನ ಲೂರ್ದಪ್ಪ ಮೇಸ್ತ್ರಿ
ಕೈ ಹಿಡಿದು ಕಲಿಸಿದ್ದು ಒಂದೇ ಮಾತು:
ಕಿಟ್ಟ ಬಿಡೋದನ್ನ ಎಳಿ, ಬಿಡದ್ದನ್ನ ತಳ್ಳು.
ಎಳೆದೆ.
ಕೆಮ್ಮು ಬರಿಸುವ ಹೊಗೆ, ತೋಳಿಗೆ ಕಿಡಿ,
ಸುತ್ತಿಗೆ ಬಡಿಬಡಿದರೂ ಬಿಡದ ಹಟಮಾರಿ ಕಿಟ್ಟ.
ಐದು ಸುತ್ತು.
ನೋಡಲು, ಹೊಲಿಗೆ ಬಾರದವಳು ಹಾಕಿದ ತೇಪೆ.

ಗುರುವಾರ ಸಂಜೆ
ಒಂದು ಮೈಗೆ ಸುಣ್ಣ ಬಳಿದೆವು,
ಇನ್ನೊಂದು ಮೈಗೆ ಸೀಮೆಎಣ್ಣೆ.
ಕೂದಲೆಳೆಯಷ್ಟು ದಾರಿ ಇದ್ದರೂ
ಎಣ್ಣೆ ಹುಡುಕಿಕೊಂಡು ಈಚೆ ಬರುತ್ತದೆ.
ಮೊದಲ ಲೋಟ ಟೀಗೆ ಬಂದೇಬಿಟ್ಟಿತು:
ಚಲುವ ಹಾಕಿದ ಟಾಕಿಯ ಹತ್ತಿರ ಕಡಲೆಯಷ್ಟು ಕಲೆ.
ಅವನು ಏನೂ ಹೇಳಲಿಲ್ಲ.
ಎಣ್ಣೆ ಒರೆಸಿ, ಕೆರೆದು, ಅವನ ಕೈಗೇ ಗನ್ನು ಕೊಟ್ಟೆ.

ಈಗ ಮತ್ತೆ ಸುಣ್ಣ, ಮತ್ತೆ ಎಣ್ಣೆ.
ಟೆಂಪೋದಲ್ಲಿ ಕೆಲಸವಿಲ್ಲದ ಸಿಲಿಂಡರಿಗೆ ಒರಗಿ
ಚಲುವ ರೆಪ್ಪೆ ಹೊಡೆಯದೆ ಕೂತಿದ್ದಾನೆ.
ಬೋರಪ್ಪ ಗಡಿಯಾರ ನೋಡುತ್ತಾನೆ.
ಗಾಳಿ ನಿಂತಿಲ್ಲ.
ಬಿಳಿ.
ಇನ್ನೂ ಬಿಳಿ.