ಕಾಂಟೆಸ್ಸಾಗೆ ಹೊಸ ಮೂಗು

ಚೀಟಿ ಎತ್ತಿದ್ದು ನಾನು, ದುಡ್ಡು ಕೊಡಬೇಕಾದ್ದು ಜಯಶೀಲನ್.
ಹನ್ನೊಂದು ತಿಂಗಳು ಇವತ್ತು ನಾಳೆ ಎಂದೆಂದು
ಕೊನೆಗೊಂದು ಸಂಜೆ ಬೀಗದ ಕೈ ತಂದು ಅಂಗೈಲಿಟ್ಟ:
‘ಸಿಸ್ಟರ್, ದುಡ್ಡಿಲ್ಲ. ಕಾರಿದೆ.’

ಹಾಗೆ ಬಂತು ರಾಬರ್ಟ್‌ಸನ್‌ಪೇಟೆಯ ನಮ್ಮ ಓಣಿಗೆ
ಎಂಬತ್ತಾರರ ಕಾಂಟೆಸ್ಸಾ.
ಉದ್ದ ಮೂತಿ, ಅಗಲ ಭುಜ,
ಗರಡಿ ಬಿಟ್ಟು ಎಷ್ಟು ವರ್ಷವಾದರೂ
ಎದೆ ಸೆಟೆಸಿಯೇ ನಡೆವ ಪೈಲ್ವಾನನ ಹಾಗೆ.
ಬಾನೆಟ್ಟಿನ ಕೆಳಗೆ ಮಾತ್ರ
ಮೆಟ್ಟಿಲು ಹತ್ತಲಾರದ ಏದುಸಿರು.

ಏದುಸಿರು ನನಗೆ ಗೊತ್ತು.
ಬಂಗಾರಪೇಟೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ನೆಬ್ಯುಲೈಸರ್ ಮಾಸ್ಕು ಕಟ್ಟಿದ ಕೈ ಇದು.

ಭಾನುವಾರ. ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬಂದ ಡಬ್ಬಿ ಬಿಚ್ಚಿದೆ:
ಬಾಗಿದ ಬೆಳ್ಳಿಬಣ್ಣದ ಕೊಳವೆ, ಕಪ್ಪು ರಬ್ಬರಿನ ಮೊಣಕೈ,
ಕೆಂಪು ಶಂಕುವಿನಂಥ ಫಿಲ್ಟರು, ನಾಲ್ಕು ಕ್ಲಾಂಪು.
ಜೊತೆಗಿದ್ದ ಚಿತ್ರ ಬೇರೆ ಯಾವುದೋ ಕಾರಿನದು.

ಹಳೆಯ ಏರ್ ಕ್ಲೀನರ್ ಕಳಚಿದರೆ
ಇಡ್ಲಿ ಪಾತ್ರೆಯಷ್ಟು ಭಾರ. ಒಳಗೆ ಪದರ ಪದರ
ಸೈನೈಡ್ ದಿಬ್ಬದ ಬಿಳಿಹಳದಿ ಹುಡಿ,
ವಡ್ಡಹಳ್ಳಿ ಮಂಡಿಯ ಹುಲ್ಲು,
ಜೀರುಂಡೆಯದೊಂದೇ ರೆಕ್ಕೆ,
ಯಾರದೋ ಮದುವೆಯ ಚಮಕಿ.
ಎಕ್ಸ್‌ರೇ ನೋಡುವಂತೆ ಬಿಸಿಲಿಗೆ ಹಿಡಿದೆ.
ಬೆಳಕು ದಾಟಲಿಲ್ಲ.

ಕಾರ್ಬ್ಯುರೇಟರಿನ ತೆರೆದ ಬಾಯಿಗೆ
ಹಳೇ ಲಂಗದ ಚೂರು ತುರುಕಿದೆ.
ಒಂದು ನಟ್ಟು ನುಂಗಿತೆಂದರೆ ಹೊಟ್ಟೆ ಕೊಯ್ಯಬೇಕು.

ಪಕ್ಕದ ಮನೆಯ ಗುಣಸೀಲನ್ ತಾತ ಕುರ್ಚಿ ತಂದು ಕೂತರು.
ಚಾಂಪಿಯನ್ ರೀಫ್ಸಿನಲ್ಲಿ ಆಳುಗಳ ತೊಟ್ಟಿಯನ್ನು
ಪಾತಾಳಕ್ಕಿಳಿಸಿ ಮತ್ತೆ ಏರಿಸುತ್ತಿದ್ದವರು.
ಇಪ್ಪತ್ತು ನಿಮಿಷ ಮಾತಿಲ್ಲ. ಆಮೇಲೆ,
‘ಮೂಗನ್ನ ಬಿಸಿ ಕಡೆಗಿಟ್ಟಿದೀಯಮ್ಮ.
ಬೆಂದ ಗಾಳೀಲಿ ಬಲ ಇರಲ್ಲ.’

ನಿಜ. ರೇಡಿಯೇಟರಿನ ಮಗ್ಗುಲಲ್ಲೇ ಕೂತಿದೆ ಶಂಕು.
ಪಾಮಾಯಿಲ್ ಡಬ್ಬ ಕತ್ತರಿಸಿ ಅಡ್ಡಗೋಡೆ ಬಗ್ಗಿಸಿದೆವು.
ಡಬ್ಬದ ಮೇಲಿನ ತಾಳೆಮರ
ಈಗ ಫಿಲ್ಟರಿಗೆ ನೆರಳು.

ಲಂಗದ ಚೂರು ಎಳೆದು, ಕೀಲಿ ತಿರುವಿದೆ.
ಹತ್ತಿತು. ಏರಿತು, ಇಳಿಯಿತು, ಮತ್ತೆ ಏರಿತು,
ಜ್ವರದವನ ನಾಡಿಯ ಹಾಗೆ. ಎಲ್ಲೋ ಒಂದು ಕಡೆ
ಸುಂಯ್ಯೆಂದು ಸಣ್ಣಗೆ ಎಳೆಯುತ್ತಿದೆ.

ಬಚ್ಚಲಲ್ಲಿ ಕೈ ತೊಳೆದು ಚೀಲದಿಂದ ಸ್ಟೆತಾಸ್ಕೋಪು ತಂದೆ.
ಬಿಲ್ಲೆ ಕಳಚಿ, ಬರಿಯ ಕೊಳವೆಯ ತುದಿಯನ್ನು
ಕ್ಲಾಂಪಿನಿಂದ ಕ್ಲಾಂಪಿಗೆ, ಸಂದಿನಿಂದ ಸಂದಿಗೆ
ಮೆಲ್ಲಗೆ ನಡೆಸಿದೆ. ಓಣಿಯ ಹುಡುಗರು ನಕ್ಕರು.
ಹೊಸದರಲ್ಲಿ ತಪ್ಪಿರಲಿಲ್ಲ. ಹಿಂದುಗಡೆ,
ಕಡ್ಡಿಯಷ್ಟು ತೆಳ್ಳನೆಯ ಹಳೇ ರಬ್ಬರು ನಳಿಗೆ
ನಾನು ಕೈಯಾಡಿಸಿದ್ದಕ್ಕೇ ಸೀಳಿತ್ತು.
ಗ್ಲೂಕೋಸ್ ಸೆಟ್ಟಿನ ಒಂದು ಗೇಣು ಪೈಪು ಸಿಕ್ಕಿಸಿದೆ.
ಇವತ್ತಿನ ಮಟ್ಟಿಗೆ.

ಬೇತಮಂಗಲದ ರಸ್ತೆ. ತಾತ ಮುಂದಿನ ಸೀಟಿನಲ್ಲಿ.
ಮೂರನೇ ಗೇರಿನಲ್ಲಿ ಅದುಮಿದೆ ನೋಡಿ,
ಆಗ ಬಂತು ಆ ಸದ್ದು,
ಎಂಜಿನ್ನಿನದಲ್ಲ, ಗಾಳಿಯದು,
ಇಡೀ ಹೊಲದ ಗಾಳಿಯನ್ನು ಒಂದೇ ಗುಕ್ಕಿಗೆ ಎಳಕೊಂಡಂತೆ.

‘ಮೊದಲಿಗಿಂತ ಜೋರಾಗಿ ಓಡತ್ತಾ?’
‘ಓಡಲ್ಲ ತಾತ. ಕೇಳಿಸತ್ತೆ ಅಷ್ಟೇ.’

ಕಿಟಕಿಯಾಚೆ ನೋಡುತ್ತ ಅವರೆಂದರು:
‘ಗಣಿಗೆ ಗಾಳಿ ದೂಡ್ತಿದ್ದ ದೊಡ್ಡ ಫ್ಯಾನು
ನಿಂತ ರಾತ್ರಿ, ನಮ್ಮ ಲೈನಿನಲ್ಲಿ
ಒಂದು ಮಗೂನೂ ಮಲಗಲಿಲ್ಲ.’
ನಾನು ಗೇರು ಬದಲಾಯಿಸಲಿಲ್ಲ, ಕೆರೆಯ ಏರಿ ಮುಗಿಯುವವರೆಗೂ.

ಸೋಮವಾರ, ನಾಲ್ಕನೇ ಬೆಡ್ಡಿನ ಬೆನ್ನಿಗೆ
ಬಿಲ್ಲೆ ಒತ್ತಿದೆ. ಆತ ಮೂಗರಳಿಸಿ,
‘ಪೆಟ್ರೋಲು ನಾತ ಸಿಸ್ಟರ್.’
‘ಮಾತಾಡಬೇಡಿ’ ಎಂದೆ,
‘ಜೋರಾಗಿ ಎಳಕೊಳ್ಳಿ.’