ನಾಲ್ಕನೇ ಕಾಲು

ಬಿ.ಎಂ. ರಸ್ತೆಯ ಸಾಮಿಲ್ಲಿನಲ್ಲಿ
ಸೌದೆ ಲೆಕ್ಕದಲ್ಲಿ ತೂಗಿಕೊಟ್ಟರು ಸಿಲ್ವರ್ ಓಕು:
ಮುನ್ನೂರ ನಲವತ್ತು. ಆಟೋಗೆ ಅರವತ್ತು ಬೇರೆ.
"ಒಲೆಗಾ ಅಕ್ಕಾ?" ಎಂದ ಹುಡುಗ.
ಹೂಂ ಅಂದುಬಿಟ್ಟೆ.

ಗೌಸ್ ಸಾಬರ ಗರಗಸ, ಎರಡು ಭಾನುವಾರ,
ನಲವತ್ತೊಂದು ದಾಟಿದ ನಾನು.
ಅಳೆದದ್ದು ಬ್ಲೌಸಿನ ಟೇಪಿನಲ್ಲೇ.
ಬಟ್ಟೆಯಾಗಿದ್ದರೆ ಒಳಗೆ ಮಡಚಿ ಹೊಲಿಯುತ್ತಿದ್ದೆ,
ಮರ ಒಂದು ನೂಲೂ ಬಿಟ್ಟುಕೊಡುವುದಿಲ್ಲ.
ನಾಲ್ಕನೇ ಕಾಲು ಅರ್ಧ ಇಂಚು ಗಿಡ್ಡ.

ಕನ್ನಡಿ ಮಾತ್ರ ಕೊಂಡದ್ದಲ್ಲ.
ಪೆನ್ಷನ್ ಮೊಹಲ್ಲಾದ ಕಟಿಂಗ್ ಶಾಪು ಮುಚ್ಚಿದ ದಿನ
ಮಾವ ಗೋಣಿಯಲ್ಲಿ ಸುತ್ತಿ ತಂದು
ಮಂಚದಡಿ ಮಲಗಿಸಿದ್ದರು.
ಮೂವತ್ತು ವರ್ಷ ಬರೀ ನೊರೆ, ಗಲ್ಲ, ಮೀಸೆ,
ಮದುವೆ ಮುಂಜಾನೆಯ ಗಂಡುಗಳ ಗಾಬರಿ;
ಒಂದು ಹೆಣ್ಣು ಮುಖವನ್ನೂ ಕಂಡಿರದ ಗಾಜು.

ನನಗೋ ಇಲ್ಲಿವರೆಗೆ
ಕಿಟಕಿ ಸರಳಿಗೆ ಸಿಕ್ಕಿಸಿದ ಅಂಗೈಯಗಲದ ಚೂರು:
ಬೊಟ್ಟು ಕಂಡರೆ ಬಾಯಿಲ್ಲ,
ಬಾಯಿ ಕಂಡರೆ ಬೊಟ್ಟಿಲ್ಲ.

ಮಾವ ಬಂದರು. ಅಲುಗಾಡಿಸಿ ನೋಡಿದರು.
ಒಳಗೆ ಹೋಗಿ,
ಕತ್ತಿ ಮಸೆಯುತ್ತಿದ್ದ ತೊಗಲು ಪಟ್ಟಿಯಿಂದ
ಒಂದು ತುಂಡು ಕೊಯ್ದು ತಂದು
ಗಿಡ್ಡ ಕಾಲಿನಡಿ ಒತ್ತಿದರು.
ಆಮೇಲೆ ಹೆಗಲ ಟವೆಲ್ಲು ತೆಗೆದು
ಸ್ಟೂಲು ಎರಡು ಸಲ ಕೊಡವಿ
"ಕೂತ್ಕೊಳ್ಳಿ" ಎಂದರು,
ಸೊಸೆಗಲ್ಲ, ಗಿರಾಕಿಗೆ ಹೇಳುವ ಹಾಗೆ.